ಸ್ಕೆಚ್ಚಿನಲ್ಲಿದ್ದ ಜೀವ ಚಿತ್ರ ಮುಗಿಯುವಷ್ಟರಲ್ಲಿ ಎಲ್ಲಿ ಹೋಗುತ್ತದೆ?

ಕಾಳಿದಂಡೆ (ಕಾರವಾರ)
ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಕಂಪ್ಯೂಟರಿಗೆ ಪೆನ್ ಟ್ಯಾಬ್ಲೆಟ್ ಜೋಡಿಸಿಕೊಂಡು ಕ್ರಿತಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಚಿತ್ರ ಬರೆಯುತ್ತಿದ್ದೇನೆ. ಹಗಲು ಕಚೇರಿಯ ಲೆಕ್ಕಪತ್ರ, ರಾತ್ರಿ ಊಟವಾದ ಮೇಲೆ ಎರಡು ತಾಸು ಚಿತ್ರ, ಹೀಗೆ ನಡೆದಿದೆ.

ಕಳೆದ ಡಿಸೆಂಬರಿನ ಒಂದು ಬೆಳಗಿನ ಜಾವ ಟ್ಯಾಗೋರ್ ಕಡಲತೀರದಲ್ಲಿ ಏಳೆಂಟು ಜನ ಏಂಡಿ ಬಲೆ (ದಡದಲ್ಲಿ ನಿಂತು ಹಗ್ಗದಿಂದ ಎಳೆಯುವ ಮೀನಿನ ಬಲೆ) ಎಳೆಯುತ್ತಿದ್ದರು. ಮರಳಿನ ಮೇಲೆ ಕುಳಿತು ಚಿಕ್ಕ ಪುಸ್ತಕದಲ್ಲಿ ಹತ್ತೇ ನಿಮಿಷದಲ್ಲಿ ಪೆನ್ಸಿಲಿನಿಂದ ಗೀಚಿಕೊಂಡೆ. ಬಣ್ಣಗಳನ್ನು ಪಕ್ಕದಲ್ಲಿ ಮಾತಿನಲ್ಲೇ ಬರೆದಿಟ್ಟುಕೊಂಡೆ: "ಸಮುದ್ರದ ಕಡೆ ಆಕಾಶ ಗುಲಾಬಿ, ಅದರ ಕೆಳಗೆ ಬೂದಿ ನೀಲಿ, ಮರಳು ಕಪ್ಪಗೆ" ಎಂದು. ಮನೆಗೆ ಬಂದು ಆ ಹಾಳೆಯ ಫೋಟೋ ತೆಗೆದು ಕ್ರಿತಾಕ್ಕೆ ಹಾಕಿ, ಮೂವತ್ತು ಪ್ರತಿಶತಕ್ಕೆ ಮಸುಕು ಮಾಡಿ, ಮೇಲೊಂದು ಲೇಯರಿನಲ್ಲಿ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದ್ದು) ಗೆರೆಗಳನ್ನು ಶುದ್ಧವಾಗಿ ಬರೆದೆ. ಅದರ ಕೆಳಗೆ ಚಪ್ಪಟೆ ಬಣ್ಣ ತುಂಬಿದೆ, ಕೆಳಗಿನ ಬಣ್ಣವನ್ನು ಗಾಢ ಮಾಡುವ ಮಲ್ಟಿಪ್ಲೈ ಲೇಯರಿನಲ್ಲಿ ನೆರಳು ಹಾಕಿದೆ, ಬೆಳಕಿಗೆ ಬೇರೆ ಲೇಯರು, ಹಗ್ಗದ ಹೊಸೆತಕ್ಕೆ ಬೇರೆ, ನೊರೆಗೆ ಬೇರೆ. ಹನ್ನೊಂದು ರಾತ್ರಿಗಳ ಕೊನೆಯಲ್ಲಿ ಎಣಿಸಿದರೆ ನಲವತ್ಮೂರು ಲೇಯರುಗಳಿದ್ದವು.

ಮುಗಿದ ಚಿತ್ರವನ್ನು ಸ್ಕೆಚ್ಚಿನ ಪಕ್ಕದಲ್ಲಿಟ್ಟು ಮನೆಯವರಿಗೆ ತೋರಿಸಿದೆ. ಎಲ್ಲರ ಬೆರಳೂ ಸ್ಕೆಚ್ಚಿನ ಕಡೆಗೇ ಹೋಯಿತು. ಒಂಬತ್ತು ವರ್ಷದ ಮಗಳಂತೂ, "ಅಮ್ಮಾ, ಇದರಲ್ಲಿ ಇವರು ಎಳೆಯುತ್ತಿದ್ದಾರೆ, ಅದರಲ್ಲಿ ಹಗ್ಗ ಹಿಡಿದುಕೊಂಡು ನಿಂತಿದ್ದಾರೆ" ಎಂದುಬಿಟ್ಟಳು. ಮೂರೂ ಹಂತದ ಚಿತ್ರಗಳನ್ನು ಕೆಳಗೆ ಹಾಕಿದ್ದೇನೆ. ಯಾವ ಹಂತದಲ್ಲಿ ಇದು ಕೆಟ್ಟಿತು ಎಂಬುದನ್ನು ದಯವಿಟ್ಟು ಸಂಕೋಚವಿಲ್ಲದೆ ಹೇಳಿ.

ಯಲ್ಲಾಪುರದ_ಮಳೆ
ಸಂಕೋಚ ಬೇಡ ಎಂದಿದ್ದೀರಿ, ಆದ್ದರಿಂದ ನೇರವಾಗಿ ಹೇಳುತ್ತೇನೆ. ಎರಡನೆಯ ಹಂತದಲ್ಲೇ, ಅಂದರೆ ಬಣ್ಣ ಮುಟ್ಟುವ ಮೊದಲೇ ಕೆಟ್ಟಿದೆ. ಪುಸ್ತಕದಲ್ಲಿ ನೀವು ಬೆನ್ನಿನ ಗೆರೆಯನ್ನು ಒಂದೇ ಬೀಸಿನಲ್ಲಿ ಎಳೆದಿದ್ದೀರಿ. ಕತ್ತಿನಿಂದ ಹಿಮ್ಮಡಿಯವರೆಗೆ ಅದು ಒಂದೇ ಗೆರೆ. ಟ್ಯಾಬ್ಲೆಟ್ಟಿನಲ್ಲಿ ಅದೇ ಬೆನ್ನು ಆರು ತುಂಡುಗಳಾಗಿದೆ. ಚಿತ್ರವನ್ನು ಮುನ್ನೂರು ಪ್ರತಿಶತಕ್ಕೆ ಹಿಗ್ಗಿಸಿಕೊಂಡು, ಸ್ಟೆಬಿಲೈಸರ್ ಜೋರಾಗಿಟ್ಟು, ಬರಿಯ ಮಣಿಕಟ್ಟಿನಿಂದ ಬರೆದಿದ್ದೀರಿ ಎಂದು ನನ್ನ ಊಹೆ. ಆಗ ಪ್ರತಿಯೊಂದು ತುಂಡೂ ನುಣ್ಣಗೆ ಬರುತ್ತದೆ, ಆದರೆ ಮನುಷ್ಯ ಮಾತ್ರ ಬೊಂಬೆಯಾಗುತ್ತಾನೆ.

ನಾನು ಮಾಡುವುದು ಹೀಗೆ: ಗೆರೆ ಹಾಕುವಾಗ ಇಡೀ ಚಿತ್ರ ಪರದೆಯಲ್ಲಿ ಕಾಣುವಷ್ಟಕ್ಕೇ ಇಟ್ಟುಕೊಂಡು, ತೋಳು ಎತ್ತಿ ಬರೆಯುತ್ತೇನೆ. ಸ್ಕೆಚ್ಚನ್ನು ಅಡಿಯಲ್ಲಿಟ್ಟು ತಿದ್ದುವುದಿಲ್ಲ, ಪಕ್ಕದಲ್ಲಿಟ್ಟು ನೋಡಿ ಹೊಸದಾಗಿಯೇ ಬರೆಯುತ್ತೇನೆ.

ಹೊಸಕುಂಚ
ಸ್ಟೆಬಿಲೈಸರ್ ಎಂದರೆ ಏನು? ನಾನು ಮೊಬೈಲಿನಲ್ಲಿ ಬೆರಳಿನಿಂದ ಬರೆಯುವವನು.

ಯಲ್ಲಾಪುರದ_ಮಳೆ
ಕೈನಡುಕವನ್ನು ಮುಚ್ಚುವ ಸೌಲಭ್ಯ. ನಿಮ್ಮ ಪೆನ್ನು ಹೋದ ದಾರಿಯನ್ನು ತಂತ್ರಾಂಶವು ಸರಾಸರಿ ಮಾಡಿ, ಸ್ವಲ್ಪ ತಡವಾಗಿ, ನುಣುಪಾದ ಗೆರೆ ಎಳೆಯುತ್ತದೆ. ಅಕ್ಷರ ಬರೆಯಲು, ಚಕ್ರ ಬರೆಯಲು ಬಹಳ ಒಳ್ಳೆಯದು. ಮನುಷ್ಯರ ಮೈ ಬರೆಯುವಾಗ ಅದನ್ನು ಇಳಿಸಿಡಿ. ಬೆರಳಿನಿಂದ ಬರೆಯುವವರಿಗೆ ಸ್ವಲ್ಪ ಬೇಕೇ ಬೇಕಾಗುತ್ತದೆ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ತೈಲವರ್ಣ
ಕ್ಷಮಿಸಿ, ಮೂಲಕ್ಕೇ ಕೈಹಾಕುತ್ತೇನೆ. ದೋಷ ಸ್ಟೆಬಿಲೈಸರಿನದ್ದಲ್ಲ, ಹಿಂದಕ್ಕೆ ಹೋಗುವ ಗುಂಡಿಯದ್ದು. ತಪ್ಪಿದರೆ ಅಳಿಸಬಹುದು ಎಂದು ಗೊತ್ತಿರುವ ಕೈಗೆ ಎಚ್ಚರ ಎಲ್ಲಿಂದ ಬರಬೇಕು? ನನ್ನ ಕ್ಯಾನ್ವಾಸಿನ ಮೇಲೆ ಒಂದು ತಪ್ಪು ಗೆರೆ ಬಿದ್ದರೆ ಚಾಕುವಿನಿಂದ ಕೆರೆದು ತೆಗೆಯಬೇಕು, ಬಟ್ಟೆಯಿಂದ ಒರೆಸಬೇಕು. ಆದ್ದರಿಂದಲೇ ಮೂರು ಸಲ ಯೋಚಿಸಿ ಒಂದು ಸಲ ಕುಂಚ ಇಡುತ್ತೇನೆ. ಗಾಜಿನ ಮೇಲೆ ಬರೆದದ್ದನ್ನು ಚಿತ್ರಕಲೆ ಎನ್ನಬೇಕೇ ಎಂಬ ಬಗ್ಗೆಯೂ ನನಗೆ ಸಂಶಯವಿದೆ. ದೊಡ್ಡ ಕಲಾವಿದರು ಯಾರಾದರೂ ಇದನ್ನು ಮುಟ್ಟಿದ್ದಾರೆಯೇ?

ಕುಮಟಾ_ಅಚ್ಚುಮನೆ
ಮುಟ್ಟಿದ್ದಾರೆ ಸ್ವಾಮಿ. ಡೇವಿಡ್ ಹಾಕ್ನಿ 2011ರ ವಸಂತಕಾಲವನ್ನು ಇಂಗ್ಲೆಂಡಿನ ಹಳ್ಳಿಯ ರಸ್ತೆಯೊಂದರಲ್ಲಿ ಐಪ್ಯಾಡಿನ ಮೇಲೆ ಬರೆದರು. ಅವನ್ನು ದೊಡ್ಡ ಹಾಳೆಗಳ ಮೇಲೆ ಮುದ್ರಿಸಿ 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಲಾಯಿತು. ಆಗಲೇ ಅವರಿಗೆ ಎಪ್ಪತ್ತು ದಾಟಿತ್ತು.

ಆದರೆ ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ. ಫೋಟೋಶಾಪಿಗೆ ಲೇಯರುಗಳು ಬಂದದ್ದೇ 1994ರಲ್ಲಿ, 3.0 ಆವೃತ್ತಿಯಲ್ಲಿ. ಅದಕ್ಕೂ ಮೊದಲು ಅದರಲ್ಲಿ ಬರೆದವರು ಒಂದೇ ಹಾಳೆಯ ಮೇಲೆ, ಹಾಕಿದ ಬಣ್ಣದ ಮೇಲೆಯೇ ಬಣ್ಣ ಹಾಕಿ ಚಿತ್ರ ಮುಗಿಸುತ್ತಿದ್ದರು. ನಲವತ್ಮೂರು ಲೇಯರು ಇದ್ದರೆ ನೊರೆಯನ್ನು ಯಾವತ್ತೋ ಬರೆದಿರುತ್ತೀರಿ, ಮರಳನ್ನು ಯಾವತ್ತೋ ಬರೆದಿರುತ್ತೀರಿ, ಎರಡೂ ಒಂದನ್ನೊಂದು ನೋಡಿಯೇ ಇರುವುದಿಲ್ಲ.

ಗೆರೆಗಾರ_ಶಿರಸಿ
ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು. ಮೊಮ್ಮಗನ ಟ್ಯಾಬ್ಲೆಟ್ ಮೇಲೆ ಈಗ ಕೈ ಪಳಗಿಸುತ್ತಿದ್ದೇನೆ. ಆದ್ದರಿಂದ ಎರಡೂ ಪಕ್ಷಗಳ ಮಾತು ನನಗೆ ಅರ್ಥವಾಗುತ್ತದೆ.

ತೈಲವರ್ಣದವರು ಅಳಿಸಲಾಗದ ಗೆರೆಯ ಮಾತೆತ್ತಿದ್ದರಿಂದ ನಮ್ಮ ಊರಿನದೇ ಒಂದು ಉದಾಹರಣೆ ಕೊಡುತ್ತೇನೆ. ಶಿರಸಿಯ ಮಾರಿಕಾಂಬಾ ದೇವಾಲಯದ ಗೋಡೆಗಳ ಮೇಲಿನ ಕಾವಿ ಚಿತ್ರಗಳನ್ನು ನೋಡಿದ್ದೀರಲ್ಲ? ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ತೆಳುವಾದ ಪದರ ಬಳಿದು, ಅದು ಹಸಿಯಿರುವಾಗಲೇ ಚೂಪಾದ ಸಲಕರಣೆಯಿಂದ ಗೀರಿ ಅಡಿಯ ಬಿಳುಪನ್ನು ಹೊರತರುವ ಕಲೆ ಅದು. ಬಣ್ಣಗಳು ಎರಡೇ, ಗಾರೆ ಒಣಗುವ ಮೊದಲು ಕೆಲಸ ಮುಗಿಯಬೇಕು, ಗೀರಿದ ಜಾಗವನ್ನು ಮೊದಲಿನಂತೆ ಮಾಡಲು ಬರುವುದಿಲ್ಲ. ಅಂಥ ಕಲಾವಿದನಿಗೆ ಯಾವುದು ಬಿಳಿ, ಯಾವುದು ಕೆಂಪು ಎಂಬ ತೀರ್ಮಾನ ಕೈ ಇಡುವ ಮೊದಲೇ ಆಗಿರಬೇಕಾಗುತ್ತದೆ.

ತಂಗೀ ಕಾಳಿದಂಡೆ, ನಿಮ್ಮ ಚಿತ್ರದಲ್ಲಿ ಆಗದೇ ಉಳಿದಿರುವುದು ಆ ತೀರ್ಮಾನವೇ. ಚಿತ್ರದ ಮೇಲೆ ಒಂದು ಬೂದು ಲೇಯರು ಹಾಕಿ, ಅದು ಕೆಳಗಿನದರೊಡನೆ ಬೆರೆಯುವ ರೀತಿಯನ್ನು ಕಲರ್ ಎಂಬುದಕ್ಕೆ ಬದಲಿಸಿ ನೋಡಿ. ಬಣ್ಣವೆಲ್ಲ ಹೋಗಿ ಬರಿಯ ಕಪ್ಪು ಬಿಳುಪು ಉಳಿಯುತ್ತದೆ. ನಾನು ಮಾಡಿ ನೋಡಿದೆ. ಆಕಾಶ, ನೀರು, ಮರಳು, ಮನುಷ್ಯರ ಮೈ ಎಲ್ಲವೂ ಒಂದೇ ನಡುಬೂದಿಯಲ್ಲಿ ಕಲಸಿಹೋಗಿವೆ. ಪೆನ್ಸಿಲ್ ಸ್ಕೆಚ್ಚಿನಲ್ಲಿಯಾದರೋ ಮನುಷ್ಯರೂ ಮರಳೂ ಸೇರಿ ಒಂದು ಕಪ್ಪು ಗುಂಪು, ನೀರೂ ಆಕಾಶವೂ ಸೇರಿ ಒಂದು ಬೆಳಕಿನ ಗುಂಪು. ಎರಡೇ ಗುಂಪುಗಳು, ಕಾವಿ ಚಿತ್ರದ ಹಾಗೆ. ಗೆರೆಗೂ ಬಣ್ಣಕ್ಕೂ ಮೊದಲು ಅಂಗೈ ಅಗಲದ ಚೌಕದಲ್ಲಿ ಕೆಮ್ಮಣ್ಣಿನ ಬಣ್ಣ ಒಂದು, ಬಿಳಿ ಒಂದು, ಎರಡರಲ್ಲೇ ಇಡೀ ಚಿತ್ರವನ್ನು ಬರೆದು ನೋಡಿ. ಅದು ನಿಂತರೆ ಮುಂದಿನದು ನಿಲ್ಲುತ್ತದೆ.

ತೈಲವರ್ಣ
ಗುರುಗಳು ನನ್ನ ಪಕ್ಷವನ್ನೇ ವಹಿಸಿದ್ದಾರೆ ಎಂದು ಭಾವಿಸಿಕೊಳ್ಳುತ್ತೇನೆ.

ಗೆರೆಗಾರ_ಶಿರಸಿ
ಭಾವಿಸಿಕೊಳ್ಳಿ, ಅಡ್ಡಿಯಿಲ್ಲ. ಆದರೆ ಚಾಕುವಿನಿಂದ ಕೆರೆಯುವುದೂ ಹಿಂದಕ್ಕೆ ಹೋಗುವ ಗುಂಡಿಯೇ, ಸ್ವಲ್ಪ ನಿಧಾನದ್ದು.

ಬಂಗಡೆಸಾರು (ಕಾರವಾರ)
ನನಗೆ ಲೇಯರು, ಮಲ್ಟಿಪ್ಲೈ ಒಂದೂ ತಿಳಿಯದು. ಚಿತ್ರ ಚೆನ್ನಾಗಿದೆ ಎಂದು ಯಾರೋ ಕಳಿಸಿದ್ದರಿಂದ ಇಲ್ಲಿ ಬಂದೆ. ಅಜ್ಜ ರಂಪಣಿ ಎಂಬ ದೊಡ್ಡ ಬಲೆ ಎಳೆದವರು, ಅಪ್ಪ ಪಾತಿ ಎಂಬ ಚಿಕ್ಕ ದೋಣಿಯವರು, ನಾನೂ ಹನ್ನೆರಡನೇ ವಯಸ್ಸಿನಿಂದ ಏಂಡಿ ಬಲೆಯ ಹಗ್ಗ ಹಿಡಿದವನು. ಅಕ್ಕಾ, ಎರಡು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲನೆಯದು ಹಗ್ಗ. ನೀವು ಬಣ್ಣದ ಚಿತ್ರದಲ್ಲಿ ಹಗ್ಗವನ್ನು ಎಳೆಎಳೆಯಾಗಿ ಬಹಳ ಚೆಂದ ಬರೆದಿದ್ದೀರಿ, ಆದರೆ ಒಬ್ಬನಿಂದ ಇನ್ನೊಬ್ಬನಿಗೆ ಹೋಗುವಾಗ ಅದು ಜೋಲುತ್ತಿದೆ, ಮದುವೆಮನೆಯ ಮಾವಿನ ತೋರಣದ ಹಾಗೆ. ಬಲೆಯಲ್ಲಿ ನೀರು, ಮೀನು, ಮರಳು ಎಲ್ಲ ಇರುವಾಗ ಹಗ್ಗ ಜೋಲುವುದಿಲ್ಲ, ಬಿಗಿದು ನೇರ ನಿಲ್ಲುತ್ತದೆ. ಎಳೆಯುವುದೂ ಬರಿಗೈಯಿಂದಲ್ಲ. ಹಿಮ್ಮಡಿಯನ್ನು ಮರಳಿನಲ್ಲಿ ಹೂತು, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಬೇಕು. ಹಗ್ಗ ತಟ್ಟನೆ ಹರಿದರೆ ಎಲ್ಲರೂ ಅಂಗಾತ ಬೀಳುವ ಹಾಗೆ. ನಿಮ್ಮ ಪೆನ್ಸಿಲಿನಲ್ಲಿ ಹಗ್ಗ ಒಂದೇ ನೇರ ಗೀಟು, ಜನ ಬೀಳುವ ಹಾಗೆಯೇ ಇದ್ದಾರೆ. ಬಣ್ಣದಲ್ಲಿ ಅವರು ನೆಟ್ಟಗಾಗಿದ್ದಾರೆ. ನಿಮ್ಮ ಮಗಳು ಹೇಳಿದ್ದು ಇದನ್ನೇ.

ಎರಡನೆಯದು ಸೂರ್ಯ. ಬೆಳಗಿನ ಜಾವ ಎನ್ನುತ್ತೀರಿ, ಆದರೆ ಸಮುದ್ರದ ಅಂಚಿನಲ್ಲಿ ಬಂಗಾರದ ಬೆಳಕು ಇಟ್ಟು, ಮನುಷ್ಯರ ಸುತ್ತ ಹೊಳೆಯುವ ಅಂಚು ಕೊಟ್ಟಿದ್ದೀರಿ. ನಮ್ಮ ದಂಡೆಯಲ್ಲಿ ಸೂರ್ಯ ಹುಟ್ಟುವುದು ಬೆನ್ನಹಿಂದೆ, ಊರಿನ ಆಚೆಯ ಗುಡ್ಡದಿಂದ. ಅವನು ಸಮುದ್ರದ ಕಡೆ ಹೋಗುವುದು ಸಂಜೆಗೆ ಮಾತ್ರ. ಬೆಳಿಗ್ಗೆ ಗುಡ್ಡದ ನೆರಳು ದಂಡೆಯ ಮೇಲೆ ಇನ್ನೂ ಬಿದ್ದಿರುವಾಗ ಬಿಸಿಲು ಮೊದಲು ದೂರದ ಕೂರ್ಮಗಡ ದ್ವೀಪದ ಕಡೆ ಬೀಳುತ್ತದೆ, ಆಮೇಲೆ ಮೆಲ್ಲಗೆ ದಡಕ್ಕೆ ಬರುತ್ತದೆ. ಬಲೆ ಎಳೆಯುವವರು ಬಹಳ ಹೊತ್ತು ನೆರಳಿನಲ್ಲೇ ಇರುತ್ತಾರೆ.

ಕಾಳಿದಂಡೆ
ಅಣ್ಣಾ, ಓದಿ ಐದು ನಿಮಿಷ ಸುಮ್ಮನೆ ಕುಳಿತೆ. ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ, ಸೂರ್ಯ ಎಲ್ಲಿ ಹುಟ್ಟುತ್ತಾನೆಂದು ನನಗೆ ಗೊತ್ತಿಲ್ಲವೇ! ಆದರೆ ಪುಸ್ತಕದಲ್ಲಿ "ಸಮುದ್ರದ ಕಡೆ ಗುಲಾಬಿ" ಎಂದು ನಾನೇ ಬರೆದಿದ್ದೇನೆ. ಹಾಗಾದರೆ ಅದು ಎಲ್ಲಿಂದ ಬಂತು?

ಗೆರೆಗಾರ_ಶಿರಸಿ
ನೀವು ಬರೆದದ್ದು ಸರಿಯಾಗಿಯೇ ಇದೆ. ಸೂರ್ಯ ಏಳುವ ಹೊತ್ತಿಗೆ, ಅವನ ಎದುರು ದಿಕ್ಕಿನ ಆಕಾಶದಲ್ಲಿ, ದಿಗಂತಕ್ಕೆ ಅಂಟಿಕೊಂಡು ಒಂದು ಬೂದಿ ನೀಲಿಯ ಪಟ್ಟಿ ಕಾಣುತ್ತದೆ. ಅದು ಭೂಮಿಯದೇ ನೆರಳು, ವಾತಾವರಣದ ಮೇಲೆ ಬಿದ್ದದ್ದು. ಅದರ ಮೇಲೆ ನಸುಗುಲಾಬಿಯ ಪಟ್ಟಿ ಇರುತ್ತದೆ. ಸೂರ್ಯ ಮೇಲೇರಿದಂತೆ ನೀಲಿ ಪಟ್ಟಿ ಕೆಳಗಿಳಿದು ಮಾಯವಾಗುತ್ತದೆ. ಪಡುವಣ ಸಮುದ್ರದ ದಂಡೆಯವರಿಗೆ ಇದು ಚಳಿಗಾಲದ ತಿಳಿಯಾದ ಮುಂಜಾವಿನಲ್ಲಿ ಚೆನ್ನಾಗಿ ಕಾಣುತ್ತದೆ. "ಗುಲಾಬಿ, ಅದರ ಕೆಳಗೆ ಬೂದಿ ನೀಲಿ" ಎಂದು ನೀವು ಅದನ್ನೇ ಕಂಡು ಬರೆದುಕೊಂಡಿದ್ದೀರಿ. ಮನೆಯಲ್ಲಿ ಕುಳಿತು ಬಣ್ಣ ಹಾಕುವಾಗ, ಗುಲಾಬಿ ಎಂದಮೇಲೆ ಸೂರ್ಯ ಅಲ್ಲೇ ಇರಬೇಕು ಎಂದು ಲೆಕ್ಕ ಹಾಕಿ, ಬೂದಿ ನೀಲಿಯನ್ನು ಒರೆಸಿ ಬಂಗಾರ ಹಚ್ಚಿದ್ದೀರಿ.

ಕಾಳಿದಂಡೆ
ಲೆಕ್ಕ ಹಾಕಿದ್ದೂ ಅಲ್ಲ ಸರ್. ಒಪ್ಪಿಕೊಂಡುಬಿಡುತ್ತೇನೆ: ಯೂಟ್ಯೂಬಿನಲ್ಲಿ ಒಬ್ಬರು ಕೊನೆಯ ಹಂತದಲ್ಲಿ ಎಲ್ಲ ಆಕೃತಿಗಳಿಗೂ ಹಿಂದಿನಿಂದ ಹೊಳೆಯುವ ಅಂಚು ಕೊಡುತ್ತಾರೆ, ಚಿತ್ರ ತಕ್ಷಣ ಎದ್ದು ಬರುತ್ತದೆ. ನನ್ನದಕ್ಕೂ ಕೊಟ್ಟೆ. ಅಂಚು ಹೊಳೆಯಬೇಕಾದರೆ ಹಿಂದೆ ಸೂರ್ಯ ಬೇಕಾಯಿತು, ಅವನನ್ನೂ ಇಟ್ಟೆ.

ಯಲ್ಲಾಪುರದ_ಮಳೆ
ಆ ಹೊಳೆಯುವ ಅಂಚಿನ ರೋಗ ನಮಗೆಲ್ಲ ಒಂದೊಂದು ಸಲ ಬಂದುಹೋಗಿದೆ.

ನನ್ನದೂ ಒಂದು ಕಥೆ ಕೇಳಿ. ಹೋದ ಮಳೆಗಾಲದಲ್ಲಿ ಒಂದು ಪುಸ್ತಕದ ಮುಖಪುಟ ಬರೆಯುತ್ತಿದ್ದೆ. ಆರು ತಾಸಿನ ಕೆಲಸ ಆಗಿತ್ತು, ಮರ ಬಿದ್ದು ವಿದ್ಯುತ್ ಹೋಯಿತು, ಯುಪಿಎಸ್ ಮೊದಲೇ ಸತ್ತಿತ್ತು, ಉಳಿಸಿಟ್ಟದ್ದು ಬೆಳಗಿನ ಸ್ಕೆಚ್ ಮಾತ್ರ. ಮರುದಿನ ಅದರಿಂದಲೇ ಮತ್ತೆ ಬರೆದರೆ ಎರಡೇ ತಾಸಿನಲ್ಲಿ ಮುಗಿಯಿತು, ಮೊದಲಿನದಕ್ಕಿಂತ ಚೆನ್ನಾಗಿಯೂ ಬಂತು. ಆದರೂ ಈಗ ಅರ್ಧ ತಾಸಿಗೊಮ್ಮೆ ಕಂಟ್ರೋಲ್, ಆಲ್ಟ್, ಎಸ್ ಒತ್ತುತ್ತೇನೆ. ಕ್ರಿತಾ ಅದನ್ನು ಹೊಸ ಸಂಖ್ಯೆಯ ಬೇರೆ ಕಡತವಾಗಿ ಉಳಿಸುತ್ತದೆ. ಕೆಟ್ಟದ್ದು ಯಾವಾಗ ಶುರುವಾಯಿತೆಂದು ಹಿಂದಿರುಗಿ ನೋಡಲೂ ಅನುಕೂಲ. ಈಗೀಗ "ಇದನ್ನು ನೀವೇ ಬರೆದಿರೋ, ಯಂತ್ರ ಬರೆಯಿತೋ" ಎಂದು ಕೇಳುವ ಗಿರಾಕಿಗಳಿಗೆ ತೋರಿಸಲೂ ಆ ಕಡತಗಳೇ ಬೇಕು.

ಹೊಸಕುಂಚ
ಸ್ಕೆಚ್ ಮಾಡುವ ಬದಲು ಫೋಟೋ ತೆಗೆದು ಅದರ ಮೇಲೆಯೇ ಬರೆದಿದ್ದರೆ ಸೂರ್ಯನೂ ತಪ್ಪುತ್ತಿರಲಿಲ್ಲ, ಹಗ್ಗವೂ ತಪ್ಪುತ್ತಿರಲಿಲ್ಲ ಅಲ್ಲವೇ?

ತೈಲವರ್ಣ
ಶುರುವಾಯಿತು.

ಯಲ್ಲಾಪುರದ_ಮಳೆ
ಫೋಟೋ ನೋಡುವುದು ತಪ್ಪಲ್ಲ, ನಾನೂ ನೋಡುತ್ತೇನೆ. ಆದರೆ ಮೊಬೈಲಿನ ಲೆನ್ಸು ಅಗಲ ನೋಟದ್ದು. ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುತ್ತದೆ. ದಂಡೆಯಲ್ಲಿ ನಿಂತಾಗ ಕಣ್ಣಿಗೆ ದೊಡ್ಡದಾಗಿ ಕಾಣುವ ಸದಾಶಿವಗಡದ ಗುಡ್ಡ ಫೋಟೋದಲ್ಲಿ ಇರುವೆಗೂಡಿನಷ್ಟಾಗುತ್ತದೆ. ಮುಂಜಾವಿನ ನೆರಳನ್ನು ಕ್ಯಾಮೆರಾ ತಾನೇ ಬೆಳಗಿಸಿಬಿಡುತ್ತದೆ. ಹಗ್ಗದ ನೇರಕ್ಕೆ ಫೋಟೋ ನೋಡಿ, ಗುಡ್ಡದ ಅಳತೆಗೆ ಪುಸ್ತಕ ನೋಡಿ.

ಚೌಕಿಮನೆ (ಹೊನ್ನಾವರ)
ನಾನು ಹವ್ಯಾಸಿ ವೇಷಧಾರಿ. ಮುಖಕ್ಕೆ ಬಣ್ಣ ಬರೆದುಕೊಳ್ಳುವುದೂ ಸ್ಕೆಚ್ಚಿನಿಂದ ಮುಕ್ತಾಯದವರೆಗಿನ ಕೆಲಸವೇ ಆದ್ದರಿಂದ ಒಂದು ಮಾತು ಸೇರಿಸುತ್ತೇನೆ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ವೇಷಧಾರಿ ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ಮೊದಲು ಮುಖವಿಡೀ ಅಡಿಬಣ್ಣ, ಆಮೇಲೆ ಹುಬ್ಬು ಕಣ್ಣುಗಳ ಕಪ್ಪು, ಕೊನೆಗೆ ಹಣೆಯ ತಿಲಕ. ಹತ್ತಿರದಿಂದ ನೋಡಿದರೆ ಆ ಗೆರೆಗಳು ಒರಟಾಗಿಯೇ ಇರುತ್ತವೆ. ಏಕೆಂದರೆ ಅದನ್ನು ಬರೆದದ್ದು ಗದ್ದೆಯಂಚಿನಲ್ಲಿ ಕುಳಿತ ಪ್ರೇಕ್ಷಕನಿಗೆ, ಹಿಂದೆಯಾದರೆ ದೊಂದಿಯ ಬೆಳಕಿಗೆ. ಹೊಸಬರು ಕನ್ನಡಿಗೆ ಮೂಗು ತಾಗಿಸಿಕೊಂಡು ಸಣ್ಣ ಸಣ್ಣ ಗೆರೆ ಬರೆಯುತ್ತಾರೆ. ರಂಗಸ್ಥಳಕ್ಕೆ ಬಂದರೆ ಮುಖವೇ ಕಾಣುವುದಿಲ್ಲ. ಹಿರಿಯರು ಎರಡು ಗೆರೆಗೊಮ್ಮೆ ಕನ್ನಡಿಯಿಂದ ದೂರ ಸರಿಯುತ್ತಾರೆ.

ನಿಮ್ಮ ಚಿತ್ರದಲ್ಲಿ ಎಲ್ಲ ಎಂಟು ಜನರ ಕಾಲ್ಬೆರಳುಗಳೂ ಒಂದೇ ಸ್ಪಷ್ಟತೆಯಲ್ಲಿವೆ. ನೋಡುವವನು ಯಾರನ್ನು ನೋಡಬೇಕು?

ಗೆರೆಗಾರ_ಶಿರಸಿ
ಬಹಳ ಸರಿ. ಕ್ರಿತಾದಲ್ಲಿ ಎಂ ಅಕ್ಷರ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಮಗುಚಿ ಕಾಣುತ್ತದೆ, ಓರೆಕೋರೆಗಳೆಲ್ಲ ತಟ್ಟನೆ ಹೊಳೆಯುತ್ತವೆ. ಜೊತೆಗೆ ಚಿತ್ರವನ್ನು ಅಂಚೆಚೀಟಿಯಷ್ಟು ಕಿರಿದು ಮಾಡಿ ನೋಡುತ್ತಿರಬೇಕು. ಅಷ್ಟರಲ್ಲಿ ಕಾಣದ ವಿವರಕ್ಕೆ ರಾತ್ರಿಗಟ್ಟಲೆ ಕೂರಬೇಡಿ.

ಬಂಗಡೆಸಾರು
ಕಾಲ್ಬೆರಳು ಹೇಗೂ ಮರಳಿನಲ್ಲಿ ಇರುತ್ತವೆ ಎಂದು ಮೊದಲೇ ಹೇಳಿದೆ.

ಹೊಸಕುಂಚ
ಇನ್ನೊಂದು ಪ್ರಶ್ನೆ. ಕರಾವಳಿಯ ಸೆಕೆಯಲ್ಲಿ ಅಂಗೈ ಪರದೆಗೆ ಅಂಟಿಕೊಂಡು ಗೆರೆ ಜಗ್ಗುತ್ತದೆ. ಪರದೆಯ ಮೇಲೆ ಬರೆಯುವವರು ಹಾಕಿಕೊಳ್ಳುವ ಆ ಎರಡು ಬೆರಳಿನ ಕೈಗವಸು ಕೊಳ್ಳಲೇಬೇಕೇ?

ಯಲ್ಲಾಪುರದ_ಮಳೆ
ಬೇಡ. ಹಳೆಯ ಹತ್ತಿ ಬನಿಯನ್ನಿನ ತುಂಡೊಂದನ್ನು ಅಂಗೈಯಡಿಗೆ ಇಟ್ಟುಕೊಳ್ಳಿ, ಸಾಕು.

ಕುಮಟಾ_ಅಚ್ಚುಮನೆ
ಮುಕ್ತಾಯ ಎಂದಿರಿ, ಆದ್ದರಿಂದ ನನ್ನ ಕಸುಬಿನ ಮಾತು. ಈ ಚಿತ್ರವನ್ನು ಎ3 ಅಳತೆಯಲ್ಲಿ ಮುದ್ರಿಸಿ ಗೋಡೆಗೆ ಹಾಕುವ ಆಸೆ ಇದ್ದರೆ ಈಗಿನ ಕಡತ ಸಾಲದು. ಇಲ್ಲಿ ಹಾಕಿರುವುದೇ ಮೂಲ ಅಳತೆಯಾದರೆ ಅದು 1080 ಗುಣಿಸು 1350 ಪಿಕ್ಸೆಲ್. ಇಂಚಿಗೆ 300ರ ಲೆಕ್ಕದಲ್ಲಿ 3.6 ಇಂಚು ಅಗಲ, 4.5 ಇಂಚು ಎತ್ತರ ಬರುತ್ತದೆ, ಅಂದರೆ ಅಂಗೈಯಷ್ಟು. ಎ3ಗೆ 3508 ಗುಣಿಸು 4961 ಬೇಕು. ಕೊನೆಯಲ್ಲಿ ಹಿಗ್ಗಿಸಿದರೆ ಮಸುಕಾಗುತ್ತದೆ, ಆದ್ದರಿಂದ ಮೊದಲ ಗೆರೆ ಎಳೆಯುವ ಮೊದಲೇ ಹಾಳೆಯ ಅಳತೆ ನಿಶ್ಚಯವಾಗಬೇಕು.

ಬಣ್ಣದ ಸಂಗತಿ ಇನ್ನೂ ಕಠಿಣ. ಪರದೆ ಬೆಳಕು ಸೂಸಿ ಬಣ್ಣ ತೋರಿಸುತ್ತದೆ. ನಾವು ಕಾಗದದ ಮೇಲೆ ನಾಲ್ಕು ಶಾಯಿಗಳಿಂದ ಅದನ್ನು ತರಬೇಕು. ಪರದೆಯಲ್ಲಿ ಉರಿಯುವ ಹಸಿರು, ಕಡುನೀಲಿ, ಕಿತ್ತಳೆಗಳು ಶಾಯಿಯಲ್ಲಿ ಬರುವುದೇ ಇಲ್ಲ, ಮಂಕಾಗುತ್ತವೆ. "ನಿಮ್ಮ ಯಂತ್ರ ಸರಿಯಿಲ್ಲ" ಎಂದು ನನ್ನೊಡನೆ ಜಗಳವಾಡಿ ಹೋದವರು ಎಷ್ಟೋ ಜನ. ಕ್ರಿತಾದಲ್ಲಿ ಕಂಟ್ರೋಲ್ ಮತ್ತು ವೈ ಒತ್ತಿದರೆ ಮುದ್ರಣದಲ್ಲಿ ಹೇಗೆ ಕಾಣಬಹುದೆಂಬ ಅಂದಾಜು ಪರದೆಯಲ್ಲೇ ಸಿಗುತ್ತದೆ. ಬೂದಿ ನೀಲಿ, ನಸುಗುಲಾಬಿ, ಕಪ್ಪು ಮರಳು ಇಷ್ಟೇ ಇದ್ದರೆ ನನಗೆ ತೊಂದರೆಯಿಲ್ಲ. ಬಂಗಾರದ ಸೂರ್ಯನನ್ನು ತೆಗೆಸಿದ ಅಣ್ಣನಿಗೆ ಅಚ್ಚುಮನೆಯ ಪರವಾಗಿ ಧನ್ಯವಾದ. ಜೆಪೆಗ್ ಕಳಿಸಬೇಡಿ, ಉಳಿಸಿದಷ್ಟು ಸಲವೂ ಅದು ಸ್ವಲ್ಪ ಕೆಡುತ್ತದೆ. ಪಿಎನ್‌ಜಿ ಅಥವಾ ಟಿಫ್ ಕೊಡಿ.

ಕಾಳಿದಂಡೆ
ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ, ತಡವಾಯಿತು. ಎಲ್ಲರೂ ಹೇಳಿದ್ದನ್ನು ಒಂದೊಂದಾಗಿ ಮಾಡಿ ನೋಡಿದೆ.

ಎ3 ಅಳತೆಯ ಹೊಸ ಹಾಳೆ ತೆರೆದೆ. ಮೊದಲ ಎರಡು ರಾತ್ರಿ ಕೆಮ್ಮಣ್ಣು ಮತ್ತು ಬಿಳಿಯಲ್ಲಿ ಚಿಕ್ಕ ಚೌಕಗಳನ್ನೇ ಬರೆದೆ. ಏಳನೆಯ ಚೌಕ ನಿಂತಿತು. ಒಂದು ಭಾನುವಾರ ನಸುಕಿನಲ್ಲಿ ದಂಡೆಗೆ ಹೋಗಿ ಸಮುದ್ರಕ್ಕೆ ಮುಖಮಾಡಿ ಕುಳಿತೆ. ಬೂದಿ ನೀಲಿ ಪಟ್ಟಿ ನಿಜವಾಗಿಯೂ ಇಳಿಯಿತು, ಗುಲಾಬಿ ಮಾಸಿತು, ಆಮೇಲೆ ಕೂರ್ಮಗಡದ ಮರಗಳಿಗೆ ಬಿಸಿಲು ತಾಗಿತು. ಇಷ್ಟು ವರ್ಷ ಅದೇ ಹೊತ್ತಿಗೆ ನಾನು ಗುಡ್ಡದ ಕಡೆ ನೋಡುತ್ತಿದ್ದೆ.

ಈ ಸಲ ಗೆರೆಯ ಲೇಯರು ಹಾಕಲಿಲ್ಲ. ಸ್ಕೆಚ್ಚನ್ನು ಪಕ್ಕದ ಕಿಟಕಿಯಲ್ಲಿಟ್ಟು, ದಪ್ಪ ಕುಂಚದಿಂದ ಕಪ್ಪು ಗುಂಪನ್ನೂ ಬೆಳಕಿನ ಗುಂಪನ್ನೂ ಇಟ್ಟು, ಅದರ ಮೇಲೆಯೇ ಬಣ್ಣ ಹಾಕುತ್ತಾ ಹೋದೆ. ಒಟ್ಟು ಒಂಬತ್ತು ಲೇಯರುಗಳಾದವು. ಮುಂದಿನ ಇಬ್ಬರನ್ನು ಮಾತ್ರ ಬಿಡಿಸಿ ಬರೆದೆ, ಹಿಂದಿನವರು ಬರಿಯ ಬಾಗಿದ ಬೆನ್ನುಗಳು. ಹಗ್ಗವನ್ನು ಸ್ಟೆಬಿಲೈಸರ್ ತೆಗೆದು ತೋಳಿನಿಂದ ಒಂದೇ ಬೀಸಿಗೆ ಎಳೆದೆ. ತೈಲವರ್ಣದವರು ಕ್ಷಮಿಸಬೇಕು, ಆ ಒಂದು ಬೀಸು ಸರಿಬರುವ ಮೊದಲು ಇಪ್ಪತ್ತು ಸಲವಾದರೂ ಹಿಂದಕ್ಕೆ ಹೋಗುವ ಗುಂಡಿ ಒತ್ತಿದ್ದೇನೆ.

ತೈಲವರ್ಣ
ಚಿತ್ರ ನೋಡಿದೆ. ಬೂದಿ ನೀಲಿ ಚೆನ್ನಾಗಿ ಕುಳಿತಿದೆ. ಗಾಜಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಬಂಗಡೆಸಾರು
ಈಗ ಹಗ್ಗ ಹರಿದರೆ ಎಲ್ಲರೂ ಬೀಳುತ್ತಾರೆ. ಮಗಳು ಏನೆಂದಳು?

ಕಾಳಿದಂಡೆ
"ಮೂರನೆಯವನಿಗೆ ಒಂದು ಕಾಲು ಇಲ್ಲ" ಎಂದಳು. ಎಣಿಸಿ ನೋಡಿದೆ, ನಿಜವಾಗಿಯೂ ಬರೆಯಲು ಮರೆತಿದ್ದೇನೆ.

ಬಂಗಡೆಸಾರು
ಮೊಣಕಾಲಿನವರೆಗೂ ಮರಳಿನಲ್ಲಿ ಹೂತಿದೆ ಎಂದು ಹೇಳಿಬಿಡಿ ಅಕ್ಕಾ.